ಎಡಪುಟ, ಬಲಪುಟ: ಅಂಕಣ ಬರೆದ ನನ್ನ ಅನುಭವ

ಬೆಂಗಳೂರಿನ ದಕ್ಷಿಣ ಭಾಗದ ಕೆಲವು ಬಡಾವಣೆಗಳಲ್ಲಿ ಮನೆಮನೆಗೆ ಹಂಚುವ ಒಂದು ವಾರಪತ್ರಿಕೆಗೆ ನಾನು 2012ರಿಂದ ಅಂಕಣ ಬರೆಯುತ್ತಿದ್ದೇನೆ. ರಾಜಕೀಯ, ಸಂಸ್ಕೃತಿ, ಕ್ರೀಡೆ, ಈ ಮೂರರಲ್ಲಿ ಆ ವಾರ ಮನಸ್ಸಿಗೆ ತಟ್ಟಿದ ಯಾವುದಾದರೊಂದರ ಬಗ್ಗೆ ಆರುನೂರು ಪದಗಳಲ್ಲಿ ಅಭಿಪ್ರಾಯ ಹೇಳುವುದು ನನಗೊಪ್ಪಿಸಿದ ಕೆಲಸ. ನಾನು ಸಂಪ್ರದಾಯವಾದಿ ಎಂಬುದು ಸಂಪಾದಕರಿಗೆ ಮೊದಲೇ ಗೊತ್ತಿತ್ತು. ಓದುಗರಿಗೆ ಒಂದೇ ತಿಂಗಳಲ್ಲಿ ಗೊತ್ತಾಯಿತು. ಆದರೆ ನಮ್ಮಲ್ಲಿ ಆ ಪದದ ಅರ್ಥ ಕಲಸುಮೇಲೋಗರವಾಗಿದೆ. ಮಡಿ-ಮೈಲಿಗೆ ಬಿಡದವರನ್ನೂ ಹಾಗೆ ಕರೆಯುತ್ತೇವೆ, ಒಂದೇ ಪಕ್ಷಕ್ಕೆ ಕಣ್ಣುಮುಚ್ಚಿ ಮತ ಹಾಕುವವರನ್ನೂ ಹಾಗೆಯೇ ಕರೆಯುತ್ತೇವೆ. ನಾನು ಅದನ್ನು ಬಳಸುವುದು ಹೀಗೆ: ಹಲವು ತಲೆಮಾರು ನಡೆದುಕೊಂಡು ಬಂದ ಏರ್ಪಾಡೊಂದನ್ನು ತೆಗೆದುಹಾಕಲು ಹೊರಟವರು ಅದು ಏಕೆ ಹುಟ್ಟಿತು, ಯಾರಿಗೆ ಆಸರೆಯಾಗಿತ್ತು ಎಂಬುದನ್ನು ಮೊದಲು ತಿಳಿದುಕೊಂಡಿರಬೇಕು. ಈ ಮಾತು ಎದುರಾಳಿಗಳಿಗೆ ಎಷ್ಟು ಸಲ್ಲುತ್ತದೆಯೋ ನನ್ನ ಕಡೆಯವರಿಗೂ ಅಷ್ಟೇ ಸಲ್ಲುತ್ತದೆ ಎಂಬುದನ್ನು ಬರೆಯುತ್ತ ಬರೆಯುತ್ತ ಕಲಿತೆ.

ಮೊದಲ ಎರಡು ವರ್ಷ ನಾನು ಬರೆದದ್ದೆಲ್ಲ ಮನೆಯಲ್ಲಿ ಕುಳಿತು, ದೂರದರ್ಶನದ ಚರ್ಚೆ ಕೇಳಿ ಬರೆದದ್ದು. 2014ರ ಫೆಬ್ರುವರಿಯಲ್ಲಿ ಕರ್ನಾಟಕ ತಂಡ ಹೈದರಾಬಾದಿನಲ್ಲಿ ಮಹಾರಾಷ್ಟ್ರವನ್ನು ಸೋಲಿಸಿ, 15 ವರ್ಷಗಳ ನಂತರ ರಣಜಿ ಟ್ರೋಫಿ ಗೆದ್ದಿತು. ಆ ಸಂತೋಷದಲ್ಲಿ, ನೆನಪನ್ನೇ ನಂಬಿ, 1974ರ ಫೈನಲ್‌ನಲ್ಲಿ ನಾವು ಮುಂಬಯಿಯನ್ನು ಸೋಲಿಸಿದ್ದೆವೆಂದು ಬರೆದುಬಿಟ್ಟೆ. ನಾಲ್ಕನೆಯ ದಿನ ಹನುಮಂತನಗರದಿಂದ ಒಂದು ಅಂಚೆ ಕಾರ್ಡು ಬಂತು. "ಅದು ಸೆಮಿಫೈನಲ್. ನಡೆದದ್ದು ನಮ್ಮ ಊರಿನಲ್ಲೇ. ನಾನು ಅಲ್ಲಿದ್ದೆ" ಎಂದಷ್ಟೇ ಇತ್ತು. ವಿಳಾಸ ಹುಡುಕಿಕೊಂಡು ಹೋದೆ. ಕಾರ್ಖಾನೆಯೊಂದರಿಂದ ನಿವೃತ್ತರಾಗಿದ್ದ ಹಿರಿಯರು ಕಾಫಿ ಕೊಟ್ಟು, ಕ್ರೀಡಾಂಗಣದ ಗ್ಯಾಲರಿಗಳಿನ್ನೂ ಪೂರ್ತಿಯಾಗಿರದ ಆ ದಿನಗಳನ್ನು ವಿವರಿಸಿದರು. ಸತತ 15 ವರ್ಷ ಟ್ರೋಫಿಯನ್ನು ಕೈಬಿಡದಿದ್ದ ಮುಂಬಯಿಯ ನಾಯಕ ಅಜಿತ್ ವಾಡೇಕರ್ ರನೌಟಾದಾಗ ಎದ್ದ ಕೂಗನ್ನು ಹೇಳುವಾಗ ಅವರ ಲೋಟ ಮೇಜಿನ ಮೇಲೆ ತಾನಾಗಿ ಇಳಿಯಿತು. ನಮ್ಮ ಕಡೆ ವಿಶ್ವನಾಥ್ ಮತ್ತು ಬ್ರಿಜೇಶ್ ಪಟೇಲ್ ಶತಕ ಹೊಡೆದಿದ್ದರು. ಮೊದಲ ಇನಿಂಗ್ಸ್ ಮುನ್ನಡೆಯಿಂದ ಪ್ರಸನ್ನ ಅವರ ನಾಯಕತ್ವದ ನಮ್ಮ ತಂಡ ಫೈನಲ್‌ಗೆ ಹೋಗಿ, ಜೈಪುರದಲ್ಲಿ ರಾಜಸ್ಥಾನವನ್ನು ಸೋಲಿಸಿತು. "ಮೈಸೂರು ಅನ್ನೋ ಹೆಸರು ಹೋಗಿ ಕರ್ನಾಟಕ ಅಂತ ಆಡಿದ ಮೊದಲನೇ ವರ್ಷ ಸಾರ್ ಅದು. ನೀವು ಅದನ್ನೇ ಬಿಟ್ಟಿದ್ದೀರಿ" ಎಂದರು. ಅವರು ಹೇಳಿದ್ದು ನಿಜ. ನನ್ನ ಬರಹದಲ್ಲಿ ತಪ್ಪಿದ್ದದ್ದು ಮಾತ್ರವಲ್ಲದೆ, ಬರೆಯಬೇಕಾಗಿದ್ದ ಮುಖ್ಯ ಸಂಗತಿಯೇ ಬಿಟ್ಟುಹೋಗಿತ್ತು.

ಅಂದಿನಿಂದ ಒಂದು ಗೆರೆಪುಸ್ತಕ ಇಟ್ಟುಕೊಂಡೆ. ಎಡಪುಟದಲ್ಲಿ ಕಂಡದ್ದು, ಕೇಳಿದ್ದು, ಓದಿ ಖಚಿತ ಮಾಡಿಕೊಂಡದ್ದು. ಬಲಪುಟದಲ್ಲಿ ನನಗೆ ಅನ್ನಿಸಿದ್ದು. ಬಲಪುಟ ತುಂಬಿ ಎಡಪುಟ ಖಾಲಿಯಿದ್ದರೆ ಆ ವಿಷಯವನ್ನು ಮುಂದಿನ ವಾರಕ್ಕೆ ತಳ್ಳುತ್ತೇನೆ. ಬುಧವಾರ ಸ್ಥಳಕ್ಕೆ ಹೋಗಿ ಬರುವುದು, ಗುರುವಾರ ಬೆಳಿಗ್ಗೆ ಕೈಬರಹದಲ್ಲಿ ಬರೆಯುವುದು, ಊಟವಾದ ಮೇಲೆ ಹೆಂಡತಿಗೆ ಓದಿ ಹೇಳುವುದು, ಅವಳು "ಇಲ್ಲಿ ಬರೀ ಬೈಗುಳ ಇದೆ ರೀ" ಎಂದ ಸಾಲನ್ನು ಹೊಡೆದುಹಾಕುವುದು. ಇಷ್ಟೇ ನನ್ನ ಪದ್ಧತಿ.

ಈ ಪದ್ಧತಿಯ ನಿಜವಾದ ಪರೀಕ್ಷೆ ನಡೆದದ್ದು 2022ರ ಕರಗದ ಸಮಯದಲ್ಲಿ. ಚೈತ್ರ ಹುಣ್ಣಿಮೆಯ ರಾತ್ರಿ ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಾಲಯದಿಂದ ಹೊರಡುವ, ದ್ರೌಪದಿಯನ್ನು ಆರಾಧಿಸುವ ಮೆರವಣಿಗೆಯಾದ ಬೆಂಗಳೂರು ಕರಗವು ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಹೋಗಿ ಮುಂದುವರಿಯುವುದು ಬಹಳ ಹಿಂದಿನಿಂದ ನಡೆದುಬಂದ ರೂಢಿ. ಆ ವರ್ಷ ಕೆಲವು ಸಂಘಟನೆಗಳು, ಅಂದರೆ ಸಾಮಾನ್ಯವಾಗಿ ನನ್ನ ಕಡೆಯವರೆಂದು ಜನ ಭಾವಿಸುವವರು, ಕರಗ ದರ್ಗಾಕ್ಕೆ ಹೋಗಬಾರದೆಂದು ಒತ್ತಾಯಿಸಿದರು. ಅವರ ಪರವಾಗಿ ಬರೆಯುವೆನೆಂದು ಹಲವು ಓದುಗರು ನಿರೀಕ್ಷಿಸಿದ್ದರು. ಸಂಪಾದಕರಿಗೆ ಕರೆಗಳೂ ಬಂದಿದ್ದವು. ನಾನು ಪುಸ್ತಕ ಹಿಡಿದು ಸಂಪಂಗಿ ಕೆರೆಗೆ ಹೋದೆ.

ಕೆರೆಗೆ ಎಂದೆ, ಆದರೆ ಈಗ ಅಲ್ಲಿ ಕೆರೆಯಿಲ್ಲ. ಅದರ ಅಂಗಳದ ಮೇಲೆ ಕಂಠೀರವ ಕ್ರೀಡಾಂಗಣ ನಿಂತಿದೆ. ಧರ್ಮಾಂಬುಧಿ ಕೆರೆ ಕೆಂಪೇಗೌಡ ಬಸ್ ನಿಲ್ದಾಣವಾದಂತೆ ಇದೂ ಊರಿನ ಅನುಕೂಲಕ್ಕೆ ಬಲಿಯಾಯಿತು. ಆದರೂ ಕ್ರೀಡಾಂಗಣದ ಮಗ್ಗುಲಿನಲ್ಲಿ ಒಂದು ಚಿಕ್ಕ ಕೊಳ ಉಳಿದಿದೆ. ಹುಣ್ಣಿಮೆಗೆ ಮೊದಲು ಹಸಿ ಕರಗದ ವಿಧಿಗಳು ಅಲ್ಲಿ ನಡೆಯುವುದರಿಂದಲೇ ಅದು ಉಳಿಯಿತು. ಬಯಲಿನಲ್ಲಿ ಅಥ್ಲೀಟುಗಳು ಓಡುತ್ತಿದ್ದ ಸದ್ದು ಕೇಳುವಷ್ಟು ಹತ್ತಿರದಲ್ಲಿ, ಬೇಲಿಯ ಒಳಗೆ, ಕರಗದ ಜೊತೆ ಕತ್ತಿ ಹಿಡಿದು ಸಾಗುವ ವೀರಕುಮಾರರ ಮನೆತನದ ಒಬ್ಬ ಹಿರಿಯರು ಕಲ್ಲಿನ ಮೆಟ್ಟಿಲ ಮೇಲಿನ ಕಸವನ್ನು ಹಿಡಿಪೊರಕೆಯಿಂದ ಗುಡಿಸುತ್ತಿದ್ದರು. ಒಂದು ಮೆಟ್ಟಿಲು ಮುಗಿಸಿ ನೀರು ಚಿಮುಕಿಸಿ, ಬೆರಳಿನಿಂದ ಸಂದಿಯ ಹುಲ್ಲು ಕಿತ್ತು, ಆಮೇಲೆ ಕೆಳಗಿನ ಮೆಟ್ಟಿಲಿಗೆ ಇಳಿಯುತ್ತಿದ್ದರು. ಅರ್ಧ ಗಂಟೆ ನೋಡುತ್ತ ನಿಂತೆ.

"ಯಜಮಾನರೇ, ದರ್ಗಾಕ್ಕೆ ಹೋಗೋದು ನಿಲ್ಲಿಸಬೇಕು ಅಂತಾರಲ್ಲ, ನೀವು ಏನು ಹೇಳ್ತೀರಿ?" ಎಂದು ಕೇಳಿದೆ.

"ನಮ್ಮ ತಾತ ಈ ಕೆರೆ ಕೆಳಗೆ ಸೊಪ್ಪು ಬೆಳೀತಿದ್ರಂತೆ ಸ್ವಾಮಿ. ಅವರು ಕತ್ತಿ ಹಿಡ್ಕೊಂಡು ದರ್ಗಾಕ್ಕೆ ಹೋಗ್ತಿದ್ರು, ನಮ್ಮಪ್ಪ ಹೋದ್ರು, ನಾನೂ ಹೋಗ್ತೀನಿ. ಅಲ್ಲಿ ನಿಂತು ನಿಂಬೆಹಣ್ಣು ಇಸ್ಕೊಂಡೇ ಮುಂದಕ್ಕೆ ಹೋಗೋದು. ಹೊಸದಾಗಿ ಬಂದೋರು ಬೇಡ ಅಂದ್ರೆ ನಾವು ಹೆಂಗೆ ಬಿಡಾಣ?"

ಆ ವಾರದ ಅಂಕಣದಲ್ಲಿ ನಾನು ಬರೆದದ್ದರ ತಿರುಳು ಇದು: ಸಂಪ್ರದಾಯವನ್ನು ಉಳಿಸುವ ಹೊಣೆ ಅದನ್ನು ಮೈಮೇಲೆ ಹೊತ್ತವರದು, ಹೊರಗಿನವರು ತಮ್ಮ ಸಿಟ್ಟಿಗೆ ತಕ್ಕಂತೆ ಅದರಿಂದ ಒಂದು ಭಾಗವನ್ನು ಕತ್ತರಿಸಲು ಹೊರಟರೆ, ಅವರು ಯಾವ ಹೆಸರು ಹೇಳಿಕೊಂಡರೂ, ಅದು ಉಳಿಸುವ ಕೆಲಸವಾಗಲಾರದು. ದೇವಾಲಯದವರು ರೂಢಿಯನ್ನು ಬಿಡಲಿಲ್ಲ. ಕರಗ ಆ ವರ್ಷವೂ ದರ್ಗಾಕ್ಕೆ ಹೋಯಿತು. ಪತ್ರಿಕೆಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ನನ್ನನ್ನು ನಿಷ್ಠೆ ಬದಲಿಸಿದವನೆಂದು ದೂರಿದವು. ಒಂದೊಂದಕ್ಕೂ ಕೈಬರಹದಲ್ಲಿ ಉತ್ತರ ಬರೆದೆ.

ಇದಕ್ಕೂ ಮೊದಲು, 2019ರಲ್ಲಿ, ರಾಜಕೀಯದ ಬಗ್ಗೆ ಬರೆದು ಒಬ್ಬ ಸ್ನೇಹಿತನನ್ನು ಕಳೆದುಕೊಂಡಿದ್ದೆ. ಆ ಜುಲೈನಲ್ಲಿ ರಾಜ್ಯದ ಕಾಂಗ್ರೆಸ್-ಜೆಡಿಎಸ್ ಸಮ್ಮಿಶ್ರ ಸರ್ಕಾರ ಬಿದ್ದು, ಬಂಡೆದ್ದ 17 ಶಾಸಕರನ್ನು ಸಭಾಧ್ಯಕ್ಷರು ಅನರ್ಹಗೊಳಿಸಿದರು. ನವೆಂಬರ್ 13ರಂದು ಸುಪ್ರೀಂ ಕೋರ್ಟು ಅನರ್ಹತೆಯನ್ನು ಎತ್ತಿಹಿಡಿದರೂ ಮತ್ತೆ ಸ್ಪರ್ಧಿಸಲು ಅವಕಾಶ ಕೊಟ್ಟಿತು. ಡಿಸೆಂಬರಿನಲ್ಲಿ 15 ಕ್ಷೇತ್ರಗಳಿಗೆ ಉಪಚುನಾವಣೆ ನಡೆದು, ನಾನು ಮತ ಹಾಕುವ ಭಾರತೀಯ ಜನತಾ ಪಕ್ಷಕ್ಕೆ 12 ಸ್ಥಾನ ಬಂದವು. 1985ರಲ್ಲಿ ಸಂವಿಧಾನಕ್ಕೆ ಹತ್ತನೆಯ ಅನುಸೂಚಿ ಸೇರಿಸಿದ್ದೇ ಪಕ್ಷಾಂತರ ತಡೆಯಲು. ಒಂದು ಚಿಹ್ನೆಯಡಿ ಮತ ಕೇಳಿ, ಹತ್ತೊಂಬತ್ತು ತಿಂಗಳಲ್ಲಿ ಇನ್ನೊಂದು ಚಿಹ್ನೆಯಡಿ ಅದೇ ಮತದಾರರ ಎದುರು ನಿಲ್ಲುವುದನ್ನು ಗೆಲುವು ಎಂದು ಸಂಭ್ರಮಿಸಬಾರದೆಂದು ಬರೆದೆ. ಕೊಟ್ಟ ಮಾತು ಉಳಿಸಿಕೊಳ್ಳುವುದನ್ನು ಬಿಟ್ಟುಕೊಟ್ಟ ಮೇಲೆ ಸಂಪ್ರದಾಯವಾದಿಯ ಬಳಿ ಕಾಪಾಡಲು ಉಳಿಯುವುದಾದರೂ ಏನು? ಲಾಲ್‌ಬಾಗಿನಲ್ಲಿ ಹನ್ನೊಂದು ವರ್ಷ ನನ್ನ ಜೊತೆ ಬೆಳಗಿನ ನಡಿಗೆ ಮಾಡಿದ ಗೆಳೆಯರು "ನಮ್ಮೋರನ್ನೇ ಹೀಗೆ ಬರೆದ್ರಲ್ಲ ನೀವು" ಎಂದು ಹೇಳಿ, ಮರುದಿನದಿಂದ ಬೇರೆ ಗೇಟಿನಿಂದ ಒಳಬರತೊಡಗಿದರು. ಈಗಲೂ ಅದರ ನೋವಿದೆ.

ಕ್ರಿಕೆಟ್ಟಿನ ಬಗ್ಗೆ ನಾನು ಹೆಚ್ಚು ಬರೆದದ್ದು ರಣಜಿ ಪಂದ್ಯಗಳ ಖಾಲಿ ಗ್ಯಾಲರಿಗಳ ಬಗ್ಗೆ. 2023ರಲ್ಲಿ ಐಪಿಎಲ್‌ಗೆ ಬಂದ, ಪಂದ್ಯದ ನಡುವೆ ಒಬ್ಬ ಆಟಗಾರನನ್ನು ಬದಲಿಸಲು ಬಿಡುವ ಇಂಪ್ಯಾಕ್ಟ್ ಆಟಗಾರನ ನಿಯಮವನ್ನೂ ವಿರೋಧಿಸಿದೆ. ಹನ್ನೊಂದು ಜನರಲ್ಲೇ ಬ್ಯಾಟಿಂಗು ಬೌಲಿಂಗು ಎರಡನ್ನೂ ಹೊಂದಿಸಿಕೊಳ್ಳಬೇಕೆಂಬ ಕಟ್ಟುಪಾಡು ಸಡಿಲವಾದರೆ ಎರಡೂ ಬಲ್ಲ ಆಟಗಾರನ ಬೆಲೆ ಇಳಿಯುತ್ತದೆ ಎಂಬುದು ನನ್ನ ವಾದ. ಆದರೆ ಅತ್ಯಂತ ಕಷ್ಟಪಟ್ಟು ಬರೆದದ್ದು 2025ರ ಜೂನ್‌ನಲ್ಲಿ. ಜೂನ್ 3ರ ರಾತ್ರಿ ಅಹಮದಾಬಾದಿನಲ್ಲಿ ನಮ್ಮ ಊರಿನ ಆರ್‌ಸಿಬಿ ತಂಡ 18ನೆಯ ಪ್ರಯತ್ನದಲ್ಲಿ ಐಪಿಎಲ್ ಟ್ರೋಫಿ ಗೆದ್ದಿತು. ಮರುದಿನವೇ ನಡೆದ ವಿಜಯೋತ್ಸವದಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತಕ್ಕೆ 11 ಜನ ಬಲಿಯಾದರು. ಅಂದು ರಾತ್ರಿಯೇ ಏನಾದರೂ ಕೊಡಿ ಎಂದು ಸಂಪಾದಕರು ಕೇಳಿದರು. ಎಡಪುಟದಲ್ಲಿ ಒಂದು ಸಂಖ್ಯೆಯ ಹೊರತು ಏನೂ ಇರಲಿಲ್ಲ. ಆ ವಾರ ನನ್ನ ಜಾಗವನ್ನು ಖಾಲಿ ಬಿಡಿಸಿದೆ. ಮುಂದಿನ ವಾರ ಬರೆದಾಗ ತಪ್ಪು ಯಾರದೆಂಬ ಮಾತಿಗೆ ಹೋಗಲಿಲ್ಲ. ನಮ್ಮ ಜಾತ್ರೆ, ಪರಿಷೆ, ತೇರುಗಳಿಗೆ ತಿಥಿ ನಿಗದಿಯಾಗಿರುತ್ತದೆ. ಹಗ್ಗ ಹಿಡಿಯುವವರು ಯಾರು, ದಾರಿ ಯಾವುದು, ನೀರು ಕೊಡುವವರು ಯಾರೆಂಬುದು ತಿಂಗಳ ಮೊದಲೇ ಗೊತ್ತಿರುತ್ತದೆ. ಕರಗದ ರಾತ್ರಿ ಅಷ್ಟು ಇಕ್ಕಟ್ಟಾದ ಪೇಟೆಬೀದಿಗಳಲ್ಲಿ ಜನಸಾಗರ ಸೇರುವುದರ ಹಿಂದೆ ಎಷ್ಟೋ ತಲೆಮಾರುಗಳ ಸಿದ್ಧತೆಯಿದೆ. ಹದಿನೆಂಟು ವರ್ಷ ಕಾದ ಸಂತೋಷವನ್ನು ಒಂದು ಹಗಲಿನಲ್ಲಿ ಮುಗಿಸಬೇಕೆನ್ನುವ ಆತುರಕ್ಕೆ ಅಂಥ ಬೆನ್ನೆಲುಬು ಇರಲಿಲ್ಲ.

ಈಗ ಕೈಯಲ್ಲಿರುವುದು ಪಾಲಿಕೆಯ ವಿಷಯ. 2007ರಲ್ಲಿ ಹಳೆಯ ಮಹಾನಗರ ಪಾಲಿಕೆಗೆ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಾಡಿದರು. ಕೊನೆಯ ಚುನಾವಣೆ 2015ರಲ್ಲಿ ನಡೆಯಿತು. 2020ರ ಸೆಪ್ಟೆಂಬರಿನಲ್ಲಿ ಅವಧಿ ಮುಗಿದ ಮೇಲೆ, ಯಾವ ಪಕ್ಷ ಅಧಿಕಾರದಲ್ಲಿದ್ದರೂ, ಐದು ವರ್ಷ ನಮಗೆ ಕಾರ್ಪೊರೇಟರ್ ಇರಲಿಲ್ಲ. ಆ ಹಳ್ಳಿಗಳಿಗೆಂದೇ ರೂಪಿಸಿದ ಕಾವೇರಿ ಐದನೆಯ ಹಂತದ ಕುಡಿಯುವ ನೀರಿನ ಯೋಜನೆ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ; ಮರುವರ್ಷ ಸೆಪ್ಟೆಂಬರಿನಲ್ಲಿ ಊರನ್ನು ಐದು ಪಾಲಿಕೆಗಳಾಗಿ ವಿಂಗಡಿಸಿದರು. ವಿಂಗಡಿಸಲೇಬಾರದು ಎಂಬ ಹಟ ನನಗಿಲ್ಲ. ಕೂಡಿಸಿದಾಗ ಕೊಟ್ಟ ಕಾರಣಗಳು ಏನಿದ್ದವು, ಅವು ಯಾವಾಗ ಸುಳ್ಳಾದವು ಎಂಬುದನ್ನು ಯಾರಾದರೂ ಹೇಳಬೇಕೆಂದಷ್ಟೇ ಕೇಳುತ್ತಿದ್ದೇನೆ. ಹಿಂದಿನ ನಗರಸಭೆಯೊಂದರ ಸದಸ್ಯರಾಗಿದ್ದ ಮಹಿಳೆಯೊಬ್ಬರನ್ನು ಕಳೆದ ಬುಧವಾರ ಕಂಡೆ. ತಮ್ಮ ವಾರ್ಡಿನ ಮೋರಿಯ ನಕ್ಷೆಯನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಇನ್ನೂ ಬೀರುವಿನಲ್ಲಿ ಇಟ್ಟುಕೊಂಡಿದ್ದಾರೆ. ಅದನ್ನು ಮಂಚದ ಮೇಲೆ ಹರಡಿ, ನಾಲ್ಕು ಮೂಲೆಗೂ ಲೋಟಗಳನ್ನಿಟ್ಟು, ನೀರು ಯಾವ ಕಡೆಗೆ ಇಳಿಯುತ್ತದೆಂದು ತೋರಿಸಿದರು. ಎಡಪುಟ ಇನ್ನೂ ಅರ್ಧವಾಗಿದೆ. ಬರುವ ಬುಧವಾರ ಅವರ ಜೊತೆ ಆ ಮೋರಿಯ ಉದ್ದಕ್ಕೂ ನಡೆಯುವುದಿದೆ.