ಮರುಭೂಮಿ ನಗರದಲ್ಲಿ ತೋಟ: ಗಿಡಕ್ಕೂ ಮೊದಲು ಜಾಗ ನೋಡಿ

ನರ್ಸರಿಯವರು ಗಿಡಕ್ಕೆ ಅಂಟಿಸಿದ ಚೀಟಿಯಲ್ಲಿ ‘ಪೂರ್ಣ ಬಿಸಿಲು’ ಎಂದಿದ್ದರೆ ನಾನು ಅಷ್ಟಕ್ಕೇ ನಂಬುವುದಿಲ್ಲ. ಬೆಳಗಿನ ಬಿಸಿಲೋ ಸಂಜೆಯದೋ, ಗಿಡದ ಹಿಂದೆ ಗೋಡೆ ಇದೆಯೋ, ಬುಡದ ಸುತ್ತ ಕಲ್ಲುಹಾಸು ಇದೆಯೋ, ಚೀಟಿ ಇದನ್ನೆಲ್ಲ ಹೇಳುವುದಿಲ್ಲ. ಮಳೆ ಚೆನ್ನಾಗಿ ಬೀಳುವ ಊರುಗಳಲ್ಲಿ ಇಂಥ ವ್ಯತ್ಯಾಸವನ್ನು ಗಿಡಗಳು ಹೇಗೋ ತಾಳಿಕೊಳ್ಳುತ್ತವೆ. ಮರುಭೂಮಿಯ ನಗರದಲ್ಲಿ ಮನೆಯ ಪೂರ್ವಕ್ಕೆ ನಳನಳಿಸುವ ಗಿಡವೇ ಪಶ್ಚಿಮಕ್ಕೆ ನೆಟ್ಟರೆ ಒಂದು ಬೇಸಿಗೆಯನ್ನೂ ದಾಟುವುದಿಲ್ಲ. ಹಾಗಾಗಿ ಗಿಡದ ಪಟ್ಟಿ ಆಮೇಲೆ. ಮೊದಲು ಜಾಗದ ಗುಣ ತಿಳಿಯಬೇಕು.

ಪಶ್ಚಿಮದ ಗೋಡೆಯಿಂದಲೇ ಶುರುಮಾಡಿ. ಬೆಳಿಗ್ಗೆ ಎಂಟರ ಬಿಸಿಲೂ ಸಂಜೆ ನಾಲ್ಕರ ಬಿಸಿಲೂ ಹೆಚ್ಚುಕಡಿಮೆ ಒಂದೇ ಎತ್ತರದಿಂದ ಬರುತ್ತವೆ. ಆದರೆ ನಾಲ್ಕರ ಹೊತ್ತಿಗೆ ಗಾಳಿ, ನೆಲ, ಗೋಡೆ ಎಲ್ಲವೂ ಕಾದು ಕೂತಿರುತ್ತವೆ. ಸೂರ್ಯ ಮುಳುಗಿ ಎರಡು ಗಂಟೆಯಾದ ಮೇಲೆ ಆ ಗೋಡೆಯ ಮೇಲೆ ಅಂಗೈ ಇಟ್ಟು ನೋಡಿ. ಕಾವು ಇನ್ನೂ ಬಡಿಯುತ್ತಿದ್ದರೆ ಅಲ್ಲಿಯ ಗಿಡಕ್ಕೆ ರಾತ್ರಿಯ ಬಿಡುವು ಸಿಗುತ್ತಿಲ್ಲ ಎಂದೇ ಅರ್ಥ. ಟೊಮೆಟೊ ಅಂಥಲ್ಲಿ ಹೂ ಬಿಟ್ಟರೂ ಕಾಯಿ ಕಚ್ಚುವುದಿಲ್ಲ. ರಾತ್ರಿಯ ಉಷ್ಣತೆ ಸುಮಾರು 24 ಡಿಗ್ರಿ ಸೆಲ್ಸಿಯಸ್ ದಾಟತೊಡಗಿದರೆ ಅದರ ಹೂ ಉದುರುತ್ತದೆ. ನಗರದ ಡಾಂಬರು, ಕಾಂಕ್ರೀಟು ರಾತ್ರಿಯನ್ನು ಮೊದಲೇ ಬೆಚ್ಚಗಿಟ್ಟಿರುತ್ತವೆ, ಅದರ ಮೇಲೆ ಈ ಗೋಡೆ ಬೇರೆ. ಬೋಗನ್‌ವಿಲ್ಲಾ ಅಲ್ಲಿ ಸಂತೋಷವಾಗಿರುತ್ತದೆ. ಕಣಗಿಲೆಯೂ ತಡೆಯುತ್ತದೆ, ಆದರೆ ಅದರ ಎಲೆ, ಹೂ, ಕಡ್ಡಿ ಎಲ್ಲವೂ ವಿಷ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಬೇಡವೇ ಬೇಡ. ದೊಡ್ಡ ಕಿಟಕಿಯ ಗಾಜಿನಿಂದ ಪ್ರತಿಫಲಿಸುವ ಬಿಸಿಲು ನೆರಳಿನ ಗಿಡವನ್ನೂ ಸುಡಬಲ್ಲದು. ಎಲೆಯ ಒಂದೇ ಮಗ್ಗುಲು ಸುಟ್ಟು ಬಿಳಚಿಕೊಂಡಿದ್ದರೆ ಆ ಮಗ್ಗುಲಿಗೆ ಏನಿದೆ ಎಂದು ನೋಡಿ.

ಉಳಿದ ದಿಕ್ಕುಗಳ ಲೆಕ್ಕ ಋತುವಿನ ಜೊತೆ ಬದಲಾಗುತ್ತದೆ. ಕೈರೋದಂತೆ 30 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವ ನಗರದಲ್ಲಿ ಜೂನ್ ಕೊನೆಯ ನಡುಹಗಲಿನ ಸೂರ್ಯ ದಿಗಂತದಿಂದ ಸುಮಾರು 83 ಡಿಗ್ರಿ ಮೇಲಿದ್ದರೆ, ಡಿಸೆಂಬರಿನಲ್ಲಿ 37ರ ಆಸುಪಾಸು. ಅಂದರೆ ದಕ್ಷಿಣದ ಗೋಡೆಗೆ ಚಳಿಗಾಲದಲ್ಲಿ ನೇರ ಬಿಸಿಲು ಬೀಳುತ್ತದೆ, ಕಡುಬೇಸಿಗೆಯಲ್ಲಿ ಸೂರ್ಯ ಬಹುಪಾಲು ನೆತ್ತಿಯ ಮೇಲಿಂದ ಹಾದುಹೋಗುತ್ತಾನೆ. ಚಳಿಗೆ ಹೆದರುವ ಗಿಡಗಳಿಗೂ ಚಳಿಗಾಲದ ತರಕಾರಿಗೂ ಆ ಬದಿಯೇ ಸರಿ. ಉತ್ತರದ ಬದಿ ಚಳಿಗಾಲವಿಡೀ ನೆರಳು. ಪೂರ್ವವಂತೂ ವರ: ಬೆಳಗಿನ ಬೆಳಕು, ಮಧ್ಯಾಹ್ನದ ನೆರಳು. ದಕ್ಷಿಣಾರ್ಧಗೋಳದಲ್ಲಿರುವವರು ಉತ್ತರ–ದಕ್ಷಿಣವನ್ನು ಅದಲುಬದಲು ಮಾಡಿಕೊಳ್ಳಿ. ಜೂನ್ ಮತ್ತು ಡಿಸೆಂಬರಿನಲ್ಲಿ ಒಂದೊಂದು ದಿನ ಬೆಳಿಗ್ಗೆ, ನಡುಹಗಲು, ಸಂಜೆ ನೆರಳಿನ ಅಂಚಿಗೆ ಗೂಟ ಹೊಡೆದು ಗುರುತಿಟ್ಟರೆ ನಿಮ್ಮ ಅಂಗಳದ ನಕ್ಷೆ ಕೈಗೆ ಬಂದಂತೆ.

ಮರುಭೂಮಿ ಎಂದರೆ ಸೆಕೆ ಮಾತ್ರ ಎಂದುಕೊಳ್ಳಬೇಡಿ. ಗಾಳಿಯಲ್ಲಿ ತೇವವಿಲ್ಲ, ಆಕಾಶದಲ್ಲಿ ಮೋಡವಿಲ್ಲ. ಹಗಲಿನ ಕಾವು ರಾತ್ರಿ ಬೇಗ ಹಾರಿಹೋಗುತ್ತದೆ. ತಣ್ಣನೆಯ ಗಾಳಿ ಭಾರವಾದದ್ದು, ಇಳಿಜಾರಿನಲ್ಲಿ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಅಂಗಳದ ತಗ್ಗಿನ ಮೂಲೆಯ ಗಿಡ ಹಿಮಕ್ಕೆ ಕಪ್ಪಾದರೂ ಸೂರಿನ ಕೆಳಗಿನ ಅದೇ ಜಾತಿಯ ಗಿಡ ಹಸಿರಾಗಿಯೇ ಇರುವುದುಂಟು.

ಇನ್ನು ಮಣ್ಣು. ನನ್ನ ಮಟ್ಟಿಗೆ ಅರ್ಧ ತೋಟಗಾರಿಕೆ ಇಲ್ಲೇ ಇದೆ. ಮಳೆ ಕಡಿಮೆಯಾದ್ದರಿಂದ ಮಣ್ಣಿನ ಸುಣ್ಣ ತೊಳೆದುಹೋಗುವುದಿಲ್ಲ. ರಸಸಾರ (ಪಿಎಚ್, ಅಂದರೆ ಆಮ್ಲ–ಕ್ಷಾರದ ಅಳತೆ; 7 ಎಂದರೆ ತಟಸ್ಥ) ಸಾಮಾನ್ಯವಾಗಿ 8ರ ಸುತ್ತ ಇರುತ್ತದೆ, ಅಂದರೆ ಮಣ್ಣು ಕ್ಷಾರೀಯ. ಎಷ್ಟೋ ಕಡೆ ಒಂದೆರಡು ಅಡಿ ಕೆಳಗೆ ಸುಣ್ಣವೇ ಗಟ್ಟಿಗೊಂಡು ಬಂಡೆಯಂತೆ ಕೂತಿರುತ್ತದೆ. ಗುದ್ದಲಿ ಠಣ್ಣೆಂದು ಹಿಂದಕ್ಕೆ ಹಾರಿ, ಬಿಳಿಚೂರು ಎದ್ದರೆ ಅದೇ. ನೆಡುವ ಮುನ್ನ ಒಂದು ಅಡಿ ಆಳದ ಗುಣಿ ತೋಡಿ ನೀರು ತುಂಬಿಸಿ. ಅದು ಇಂಗಿದ ಮೇಲೆ ಮತ್ತೆ ತುಂಬಿಸಿ, ಅಳತೆಪಟ್ಟಿ ಇಟ್ಟು ನೋಡಿ. ಗಂಟೆಗೆ 2.5 ಸೆಂಟಿಮೀಟರಿಗಿಂತ ಕಡಿಮೆ ಇಳಿದರೆ ಅಲ್ಲಿ ಬೇರು ಕೊಳೆಯುತ್ತದೆ. ಆ ಸುಣ್ಣದ ಪದರ ತೆಳುವಿದ್ದರೆ ಹಾರೆಯಿಂದ ತೂತು ಹೊಡೆದು ನೀರಿಗೆ ದಾರಿ ಮಾಡಿ. ದಪ್ಪವಿದ್ದರೆ ಮರವನ್ನು ಬೇರೆಡೆ ನೆಡುವುದೇ ಒಳ್ಳೆಯದು.

ಹೊಸ ಚಿಗುರು ಹಳದಿಯಾಗಿ ನರಗಳಷ್ಟೇ ಹಸಿರಾಗಿ ಉಳಿದಿದ್ದರೆ ಅದು ಕಬ್ಬಿಣದ ಕೊರತೆ. ಬಹುಪಾಲು ಮಣ್ಣಿನಲ್ಲಿ ಕಬ್ಬಿಣ ಇದ್ದೇ ಇರುತ್ತದೆ, ಕ್ಷಾರದಲ್ಲಿ ಅದು ಬೇರಿಗೆ ದಕ್ಕುವುದಿಲ್ಲ. ಇಂಥ ಮಣ್ಣಿಗೆಂದೇ ಬರುವ ಇಡಿಡಿಎಚ್‌ಎ ಚೀಲೇಟ್ ರೂಪದ, ಅಂದರೆ ಕ್ಷಾರದಲ್ಲೂ ಬೇರಿಗೆ ದಕ್ಕುವಂತೆ ಕಟ್ಟಿಟ್ಟ ಕಬ್ಬಿಣ ಕೊಡಿ. ಒಲೆಯ ಬೂದಿ, ಸುಣ್ಣ ಮಾತ್ರ ಹಾಕಬೇಡಿ. ಎರಡೂ ಕ್ಷಾರವನ್ನು ಇನ್ನಷ್ಟು ಏರಿಸುತ್ತವೆ. ಹೊಸ ಮನೆಯ ಗೋಡೆಯ ಬುಡದಲ್ಲಿ ಸಿಮೆಂಟಿನ ಚೂರು, ಗಾರೆಯ ಪುಡಿ ಹೂತಿರುವುದು ಸಾಮಾನ್ಯ. ಅದನ್ನು ಆರಿಸಿ ತೆಗೆಯುವುದು ಬೇಸರದ ಕೆಲಸ, ಆದರೂ ಬಿಡಬೇಡಿ.

ನೀರಿನ ಕಷ್ಟವೆಂದರೆ ಪ್ರಮಾಣ ಮಾತ್ರವಲ್ಲ, ಉಪ್ಪು ಕೂಡ. ನೀರು ಆವಿಯಾಗುತ್ತದೆ, ಅದರಲ್ಲಿದ್ದ ಲವಣ ಮಣ್ಣಿನಲ್ಲೇ ಉಳಿಯುತ್ತದೆ. ಎಲೆಯ ತುದಿ, ಅಂಚು ಕಂದಾಗಿ ಒಣಗುವುದು, ಕುಂಡದ ಅಂಚಿನಲ್ಲಿ ಬಿಳಿ ಕಟ್ಟುವುದು ಅದರ ಗುರುತು. ದಿನಾ ಒಂದಿಷ್ಟು ಚಿಮುಕಿಸುವುದು ಉಪ್ಪನ್ನು ಬೇರಿನ ಸುತ್ತಲೇ ಕೂಡಿಹಾಕುವ ದಾರಿ. ಅಪರೂಪಕ್ಕೆ, ಆದರೆ ಆಳಕ್ಕೆ ಕೊಡಿ: ತರಕಾರಿಗೆ ಒಂದು ಅಡಿ, ಪೊದೆಗೆ ಎರಡು, ಮರಕ್ಕೆ ಮೂರು ಅಡಿ ನೆನೆಯಬೇಕು. ಒಂದು ತೆಳು ಕಬ್ಬಿಣದ ಸರಳನ್ನು ಒತ್ತಿ ನೋಡಿ. ಒದ್ದೆ ಇರುವಷ್ಟು ಸಲೀಸಾಗಿ ಇಳಿಯುತ್ತದೆ, ಒಣಮಣ್ಣಿಗೆ ತಾಗಿದೊಡನೆ ನಿಲ್ಲುತ್ತದೆ. ಇನ್ನೊಂದನ್ನು ನಾನು ಎಲ್ಲರಿಗೂ ಒತ್ತಿ ಹೇಳುತ್ತೇನೆ: ತುಂತುರು ಮಳೆ ಬಂದಾಗ ಹನಿ ನೀರಾವರಿಯನ್ನು ನಿಲ್ಲಿಸಬೇಡಿ. ಹನಿಯುವ ಜಾಗದ ಸುತ್ತ ಒದ್ದೆಯ ಅಂಚಿನಲ್ಲಿ ಉಪ್ಪು ಉಂಗುರದಂತೆ ಸೇರಿರುತ್ತದೆ. ಸಣ್ಣ ಮಳೆ ಅದನ್ನು ಕರಗಿಸಿ ಬೇರಿನತ್ತ ತಳ್ಳುತ್ತದೆ, ಆಳಕ್ಕೆ ತೊಳೆಯುವಷ್ಟು ಬಲ ಅದಕ್ಕಿರುವುದಿಲ್ಲ. ಹನಿ ಹರಿಯುತ್ತಿದ್ದರೆ ಉಪ್ಪು ಹೊರಗೇ ಉಳಿಯುತ್ತದೆ.

ಮಳೆಯ ನೀರಿನಲ್ಲಿ ಉಪ್ಪಿಲ್ಲದಿರುವುದರಿಂದ ಅದು ಚಿನ್ನ. ಒಂದು ಚದರ ಮೀಟರ್ ಮೇಲೆ 1 ಮಿಲಿಮೀಟರ್ ಮಳೆ ಎಂದರೆ 1 ಲೀಟರ್. 100 ಚದರ ಮೀಟರಿನ ತಾರಸಿಗೆ 10 ಮಿಲಿಮೀಟರ್ ಬಿದ್ದರೆ ಹೆಚ್ಚುಕಡಿಮೆ 1,000 ಲೀಟರ್. ತಾರಸಿಯ ಕೊಳವೆ ಎಲ್ಲಿ ಇಳಿಯುತ್ತದೆಯೋ ಅದರ ಪಕ್ಕದಲ್ಲೇ, ತಳಪಾಯಕ್ಕೆ ನೀರು ತಾಗದಷ್ಟು ದೂರ ಬಿಟ್ಟು ಹಣ್ಣಿನ ಮರ ನೆಡಿ. ಬೇರೆಡೆಯ ಚಿತ್ರಗಳನ್ನು ನೋಡಿಕೊಂಡು ಎತ್ತರದ ಮಡಿ ಕಟ್ಟುವುದನ್ನು ನಾನು ಒಪ್ಪುವುದಿಲ್ಲ. ಜೌಗು ನೆಲಕ್ಕೆ ಅದು ಸರಿ, ಇಲ್ಲಿ ನಾಲ್ಕೂ ಕಡೆಯಿಂದ ಒಣಗುತ್ತದೆ. ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ಮೂಲನಿವಾಸಿಗಳಾದ ಝೂನಿ ಜನರು ನೆಲಮಟ್ಟಕ್ಕಿಂತ ತಗ್ಗಿನಲ್ಲಿ ಚೌಕಚೌಕವಾಗಿ ಪಾತಿ ಮಾಡಿ, ಸುತ್ತ ಮಣ್ಣಿನ ಬದು ಕಟ್ಟಿ ಬೆಳೆಯುತ್ತ ಬಂದಿದ್ದಾರೆ. ಬದು ಗಾಳಿಯನ್ನು ತಡೆಯುತ್ತದೆ, ಪಾತಿ ನೀರನ್ನು ಹಿಡಿಯುತ್ತದೆ.

ಬಿಸಿಗಾಳಿ ಬೀಸುವ ಕಡೆಗೆ ಗಟ್ಟಿ ಗೋಡೆಗಿಂತ ಅರ್ಧ ತೆರಪಿರುವ ಬೇಲಿ ಮೇಲು, ಗೋಡೆ ಹಾರಿದ ಗಾಳಿ ಆಚೆ ಸುಳಿಯಾಗಿ ಬೀಳುತ್ತದೆ. ಏಸಿಯ ಹೊರಘಟಕದ ಎದುರು ಏನನ್ನೂ ನೆಡಬೇಡಿ. ಕಪ್ಪು ಪ್ಲಾಸ್ಟಿಕ್ ಕುಂಡಗಳನ್ನು ದೊಡ್ಡ ಕುಂಡದೊಳಗಿಟ್ಟು ಬಿಸಿಲಿನಿಂದ ಮರೆಮಾಡಿ.

ನೆಡುವ ಕಾಲ ವಸಂತವಲ್ಲ, ಕಡುಬಿಸಿಲು ಇಳಿದ ಶರತ್ಕಾಲ. ಮಣ್ಣು ಇನ್ನೂ ಬೆಚ್ಚಗಿರುವುದರಿಂದ ಬೇಸಿಗೆ ಬರುವಷ್ಟರಲ್ಲಿ ಬೇರು ಇಳಿದಿರುತ್ತದೆ. ಮೊದಲ ಬೇಸಿಗೆಗೆ ಸಸಿಯ ಪಶ್ಚಿಮಕ್ಕೆ ಮಾತ್ರ 30ರಿಂದ 50 ಪ್ರತಿಶತದ ನೆರಳುಬಲೆ ಕಟ್ಟಿ, ಎಲೆಗೆ ತಾಗದಂತೆ ಒಂದು ಅಡಿ ದೂರ ಬಿಡಿ. ಬಿಸಿಲಿಗೆ ಬಯಲಾದ ಕಾಂಡಕ್ಕೆ ನೀರು ಬೆರೆಸಿದ ಬಿಳಿ ಎಮಲ್ಷನ್ ಬಣ್ಣ ಬಳಿಯಿರಿ. ನಿಂಬೆ, ಕಿತ್ತಳೆಯ ಕೆಳಕೊಂಬೆಗಳನ್ನು ಕತ್ತರಿಸದೆ ಹಾಗೇ ಬಿಡಿ; ಆ ಎಲೆಗಳೇ ಕಾಂಡಕ್ಕೆ ನೆರಳು.