ಕಾಲೂರಿದರೆ ಒಂದು: ಯಾರ್ಕ್‌ಶೈರಿನಲ್ಲಿ ಟ್ರಯಲ್ಸ್ ಲೆಕ್ಕ ಬರೆದ ನನ್ನ ಅನುಭವ

ಅಪ್ಪ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಮನೆಯಲ್ಲಿ ಯೆಜ್ಡಿ ಇತ್ತು. ಬೈಕೆಂದರೆ ವೇಗ ಎಂದುಕೊಂಡೇ ಬೆಳೆದೆ. ಇಂಗ್ಲೆಂಡಿನ ಯಾರ್ಕ್‌ಶೈರ್ ಸೀಮೆಯ ಲೀಡ್ಸಿಗೆ ಕೆಲಸಕ್ಕೆ ಬಂದ ಎರಡನೇ ವರ್ಷ, ಸಹೋದ್ಯೋಗಿಯೊಬ್ಬರು ಒಂದು ಭಾನುವಾರ ಡೇಲ್ಸ್ ಕಣಿವೆಯ ತೊರೆಯೊಂದರ ಬಳಿಗೆ ಕರೆದೊಯ್ದರು. ಸೀಟೇ ಇಲ್ಲದ, 70 ಕಿಲೋ ಆಸುಪಾಸಿನ ಬೈಕುಗಳು ಮನುಷ್ಯ ನಡೆಯುವಷ್ಟೇ ನಿಧಾನವಾಗಿ ಪಾಚಿಗಟ್ಟಿದ ಬಂಡೆಗಳನ್ನು ಹತ್ತುತ್ತಿದ್ದವು. ಇದೇ ಟ್ರಯಲ್ಸ್, ನೆಲಕ್ಕೆ ಕಾಲೂರದೆ ಬೈಕು ಸಾಗಿಸುವ ಆಟ. ಮೊದಲು ಬಂದವರು ಯಾರೆಂದು ಯಾರೂ ಕೇಳುತ್ತಿರಲಿಲ್ಲ. ಮಳೆಯಲ್ಲಿ ಕೊಡೆ ಹಿಡಿದ ಹೆಂಗಸೊಬ್ಬರು ರಟ್ಟಿಗೆ ಸಿಕ್ಕಿಸಿದ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಅಂಕೆ ಬರೆಯುತ್ತಿದ್ದರು. ಆಟವೆಲ್ಲ ಆ ಪೆನ್ಸಿಲಿನ ತುದಿಯಲ್ಲಿತ್ತು. ಆಮೇಲೆ ಮೂರು ವರ್ಷ ನಾನೂ ಹಾಗೆ ಅಬ್ಸರ್ವರ್ ಆಗಿ ನಿಂತೆ. ಕಳೆದ ಎರಡು ಋತುಗಳಿಂದ ನಮ್ಮ ಕ್ಲಬ್ಬಿನ ಪಾಲಿಗೆ ಬರುವ ಚಾಂಪಿಯನ್‌ಶಿಪ್ ಸುತ್ತಿನ ಲೆಕ್ಕಪತ್ರ ನನ್ನದು.

ಇಂಗ್ಲೆಂಡಿನಲ್ಲಿ ಈ ಆಟವನ್ನು ನೋಡಿಕೊಳ್ಳುವುದು 1903ರಲ್ಲಿ ಹುಟ್ಟಿದ ಆಟೋ-ಸೈಕಲ್ ಯೂನಿಯನ್. ಅದರ ಕೆಳಗೆ ಸೀಮೆಗೊಂದು ಸೆಂಟರ್, ಸೆಂಟರಿನ ಕೆಳಗೆ ಊರೂರಿನ ಕ್ಲಬ್ಬುಗಳು. ವರ್ಷದ ಸುತ್ತುಗಳನ್ನು ಕ್ಲಬ್ಬುಗಳು ಹಂಚಿಕೊಳ್ಳುತ್ತವೆ. ಯಾರ್ಕ್‌ಶೈರಿನಲ್ಲಿ ಇದಕ್ಕೆ ಜನ ಬರುವುದರಲ್ಲಿ ಅಚ್ಚರಿಯಿಲ್ಲ. 1975ರಲ್ಲಿ ಮೊದಲ ವಿಶ್ವ ಚಾಂಪಿಯನ್ ಆದ ಮಾರ್ಟಿನ್ ಲ್ಯಾಂಪ್ಕಿನ್, 12 ವಿಶ್ವ ಪ್ರಶಸ್ತಿ ಗೆದ್ದ ಅವರ ಮಗ ಡಗಿ, ಇಬ್ಬರೂ ಇಲ್ಲಿನ ಸಿಲ್ಸ್‌ಡನ್ನಿನವರು.

ನಮ್ಮ ಕೆಲಸ ಶುರುವಾಗುವುದು ರೈತರ ಅಂಗಳದಲ್ಲಿ. ಜಮೀನು ಅವರದು, ಕುರಿಗಳು ಅವರವು. ವಸಂತದಲ್ಲಿ ಕುರಿ ಮರಿಹಾಕುವ ವಾರಗಳಲ್ಲಿ ಯಾರೂ ಕಾಲಿಡುವ ಹಾಗಿಲ್ಲ. ರೈತರು ಒಪ್ಪಿದ ಮೇಲೆ ಯೂನಿಯನ್ನಿನ ಪರವಾನಗಿ, ವಿಮೆ, ಪ್ರಥಮ ಚಿಕಿತ್ಸೆಯವರು. ಇದೆಲ್ಲ ಕಾಗದದ ಕೆಲಸ, ತಾಳ್ಮೆಯಿದ್ದರೆ ಮುಗಿಯುತ್ತದೆ. ಕಷ್ಟವಿರುವುದು ಸೆಕ್ಷನ್ ಕಟ್ಟುವುದರಲ್ಲಿ, ಅಂದರೆ ಸವಾರರನ್ನು ಪರೀಕ್ಷಿಸುವ ಕಠಿಣ ದಾರಿಯ ತುಣುಕುಗಳನ್ನು ಗುರುತು ಹಾಕಿ ಸಿದ್ಧಪಡಿಸುವುದರಲ್ಲಿ.

ನಮ್ಮ ಸುತ್ತಿಗೆ 10 ಸೆಕ್ಷನ್, ನಾಲ್ಕು ಲ್ಯಾಪ್. ಅಂದರೆ ಒಬ್ಬೊಬ್ಬರಿಗೆ 40 ಪರೀಕ್ಷೆ. ಶನಿವಾರ ಬೆಳಿಗ್ಗೆ ಗೂಟ, ಬಾಣದ ಗುರುತು, ಟೇಪು ಹೊತ್ತು ತೊರೆಗುಂಟ ಹೋಗುತ್ತೇವೆ. ಕೆಂಪು ಗುರುತು ಸವಾರನ ಬಲಕ್ಕೆ, ನೀಲಿ ಎಡಕ್ಕೆ. ಎಲ್ಲರೂ ಕ್ಲೀನ್, ಅಂದರೆ ಕಾಲೂರದೆ, ಹೋಗುವ ಸೆಕ್ಷನ್ನಿನಿಂದ ಫಲಿತಾಂಶಕ್ಕೆ ಏನೂ ಸಿಗುವುದಿಲ್ಲ. ಎಲ್ಲರಿಗೂ ಐದು ಅಂಕದ ದಂಡ ಬೀಳುವ ಸೆಕ್ಷನ್ನಿನಿಂದಲೂ ಅಷ್ಟೇ. ಮೇಲ್ದರ್ಜೆಯ ಹತ್ತು ಮಂದಿಯಲ್ಲಿ ಮೂರ್ನಾಲ್ಕು ಜನ ಕ್ಲೀನ್ ಹೋಗಿ, ಉಳಿದವರು ಒಂದೊಂದು ಕಡೆ ಎಡವಬೇಕು, ಯಾರಿಗೂ ಮೂಳೆ ಮುರಿಯಬಾರದು. ರಾತ್ರಿ ಮಳೆ ಬಂದರೆ ಈ ಅಂದಾಜೆಲ್ಲ ತಲೆಕೆಳಗು. ಅದಕ್ಕೇ ಭಾನುವಾರ ಬೆಳಕು ಹರಿಯುವ ಹೊತ್ತಿಗೆ ಮತ್ತೊಮ್ಮೆ ನಡೆದು ನೋಡಿ, ಬೇಕಾದಲ್ಲಿ ಗೂಟ ಕಿತ್ತು ನೆಡುತ್ತೇವೆ.

ಅಂಕದ ಲೆಕ್ಕ ಮೇಲುನೋಟಕ್ಕೆ ಸರಳ. ಮುಂದಿನ ಚಕ್ರದ ಅಚ್ಚು ಆರಂಭದ ಹಲಗೆ ದಾಟಿದಲ್ಲಿಂದ ಕೊನೆಯ ಹಲಗೆ ದಾಟುವವರೆಗೆ ಕಾಲೂರದಿದ್ದರೆ ಸೊನ್ನೆ. ಒಮ್ಮೆ ಊರಿದರೆ ಒಂದು, ಎರಡು ಸಲಕ್ಕೆ ಎರಡು, ಅದಕ್ಕಿಂತ ಎಷ್ಟು ಹೆಚ್ಚಾದರೂ ಮೂರೇ. ಬಿದ್ದರೆ, ಗುರುತಿನ ಹೊರಗೆ ಹೋದರೆ, ಹಿಂದಕ್ಕೆ ಜಾರಿದರೆ ಐದು. ಮರಕ್ಕೆ ಭುಜ ಆನಿಸಿದರೂ ಕಾಲೂರಿದ ಹಾಗೇ. ಕಡಿಮೆ ಅಂಕ ಬಂದವರು ಗೆದ್ದವರು. (ಸ್ವೇಲ್‌ಡೇಲಿನಲ್ಲಿ ನಡೆಯುವ, 1914ರಲ್ಲಿ ಶುರುವಾದ ಸ್ಕಾಟ್ ಟ್ರಯಲ್‌ನ ದಾರಿ ಬೇರೆ. ಅಲ್ಲಿ ಎಲ್ಲರಿಗಿಂತ ಬೇಗ ಮುಗಿಸಿದವನಿಗಿಂತ ತಡವಾದ ನಿಮಿಷಕ್ಕೊಂದು ಅಂಕವೂ ಸೇರುತ್ತದೆ. ನಮಗೆ ಆ ತೊಡಕಿಲ್ಲ.)

ನಮ್ಮದು ನಿಲ್ಲದೆ ಸಾಗಬೇಕಾದ ನಿಯಮ. ಬೈಕು ನಿಂತರೆ, ಕಾಲೂರದಿದ್ದರೂ ಐದು. ಅಬ್ಸರ್ವರ್‌ಗೆ ಸಂಕಟ ತರುವುದು ಇದೊಂದೇ. ನನ್ನ ಎರಡನೇ ಟ್ರಯಲ್‌ನಲ್ಲಿ ನಾನು ಸವಾರರ ಕಾಲುಗಳನ್ನೇ ನೋಡುತ್ತಿದ್ದೆ. ಒಬ್ಬ ಬಂಡೆಯ ಮುಂದೆ ಅರೆಕ್ಷಣ ನಿಂತು, ತೂಗಿಕೊಂಡು, ಹತ್ತಿ ಹೋದ. ಸೊನ್ನೆ ಬರೆದೆ. ಹಿಂದೆ ಬಂದವನೂ ಅಲ್ಲೇ ನಿಂತ. ಆಗ ಕಣ್ಣಿಗೆ ಬಿತ್ತು, ಐದು ಎಂದು ಕೈ ಎತ್ತಿ ತೋರಿಸಿದೆ. ಅವನು ವಾದಕ್ಕಿಳಿಯಲಿಲ್ಲ. "ನನಗಿಂತ ಮೊದಲು ಹೋದವನಿಗೆ ಎಷ್ಟು?" ಎಂದಷ್ಟೇ ಕೇಳಿ ಹೋದ. ಆ ಪ್ರಶ್ನೆ ನನ್ನನ್ನು ಮನೆವರೆಗೂ ಬಿಡಲಿಲ್ಲ. ನಮ್ಮ ಕ್ಲಬ್ಬಿನ ಹಿರಿಯರೊಬ್ಬರ ಹತ್ತಿರ ಹೇಳಿಕೊಂಡೆ. "ಕಾಲೂರಿದ್ದು ತಾನಾಗೇ ಕಾಣುತ್ತಪ್ಪ. ನೀನು ಅಚ್ಚು ನೋಡು, ಅದರ ಹಿಂದೆ ಒಂದು ಕಲ್ಲು ಗುರುತಿಟ್ಟುಕೋ. ಕಲ್ಲಿನ ಮುಂದೆ ಅಚ್ಚು ಜರುಗುತ್ತಿದ್ದರೆ ಓಡುತ್ತಿದೆ ಅಂತ ಲೆಕ್ಕ. ಅನುಮಾನ ಬಂದರೆ ಸವಾರನ ಪರ. ಆದರೆ ಎಲ್ಲರಿಗೂ ಒಂದೇ ಕಣ್ಣಿರಲಿ" ಎಂದರು. ಈಗ ಹೊಸಬರು ಯಾರೇ ಬರಲಿ, ಹಾಳೆ ಕೊಡುವ ಮೊದಲು ಅವರನ್ನು ಸೆಕ್ಷನ್ನಿನ ಪಕ್ಕ ನಿಲ್ಲಿಸಿ ಆ ಕಲ್ಲನ್ನು ಆರಿಸುವುದನ್ನು ಹೇಳಿಕೊಡುತ್ತೇನೆ.

ಸಂಜೆ ಗೂಟಗಳನ್ನೆಲ್ಲ ಕಿತ್ತು ಎಣಿಸಿ, ಟೇಪಿನ ಒಂದು ಚೂರೂ ಕುರಿಯ ಬಾಯಿಗೆ ಸಿಗದ ಹಾಗೆ ಬಾಚಿ, ಒದ್ದೆ ಹಾಳೆಗಳನ್ನು ಅಡುಗೆಮನೆಯ ಹೀಟರಿನ ಮೇಲೆ ಹರಡಿ ಲೆಕ್ಕಕ್ಕೆ ಕೂರುತ್ತೇನೆ. ಒಂದು ಸುತ್ತಿನ ಅಂಕ ಬೇರೆ, ಚಾಂಪಿಯನ್‌ಶಿಪ್ಪಿನ ಅಂಕ ಬೇರೆ. ಮೊದಲ ಸ್ಥಾನಕ್ಕೆ 20, ಆಮೇಲೆ 17, 15, 13, 11, 10, ಹೀಗೆ ಹದಿನೈದನೆಯವರಿಗೆ ಒಂದು. ವಿಶ್ವ ಚಾಂಪಿಯನ್‌ಶಿಪ್ಪಿನಲ್ಲಿ ಬಳಸಿದ ಮೆಟ್ಟಿಲನ್ನೇ ನಾವೂ ಇಟ್ಟುಕೊಂಡಿದ್ದೇವೆ. ಎಂಟು ಸುತ್ತಿನಲ್ಲಿ ಒಬ್ಬೊಬ್ಬರ ಉತ್ತಮ ಆರು ಮಾತ್ರ ಲೆಕ್ಕಕ್ಕೆ. ಜ್ವರ ಬಂದವರು, ಮಗಳ ಮದುವೆ ಇದ್ದವರು ಓಟದಿಂದಲೇ ಹೊರಬೀಳಬಾರದಲ್ಲ.

ಕಳೆದ ಋತುವಿನ ನಮ್ಮ ಸುತ್ತಿನಲ್ಲಿ ಎಲ್ಲರಿಗಿಂತ ಮೇಲಿದ್ದ ಇಬ್ಬರಿಗೂ 23-23 ಅಂಕ ಬಂತು. ಒಬ್ಬ ಹುಡುಗ: 30 ಕ್ಲೀನ್, ಒಂದು ಅಂಕ ಆರು ಸಲ, ಎರಡು ಅಂಕ ಒಂದು ಸಲ, ಐದು ಅಂಕ ಮೂರು ಸಲ. ಇನ್ನೊಬ್ಬರು ಐವತ್ತು ದಾಟಿದವರು: 27 ಕ್ಲೀನ್, ಒಂದು ಅಂಕ ಏಳು ಸಲ, ಎರಡು ಅಂಕ ನಾಲ್ಕು ಸಲ, ಮೂರು ಅಂಕ ಒಂದು ಸಲ, ಐದು ಅಂಕ ಒಂದೇ ಒಂದು ಸಲ. ಸಮವಾದಾಗ ಹೆಚ್ಚು ಕ್ಲೀನ್ ಇದ್ದವರು ಮೇಲೆ. ಮೂರು ಸಲ ವಿಫಲನಾದ ಹುಡುಗನಿಗೆ 20, ಒಮ್ಮೆ ಮಾತ್ರ ಸೋತವರಿಗೆ 17. ನನಗೆ ಈ ನಿಯಮ ಸರಿಯೆಂದೇ ಅನಿಸುತ್ತದೆ. ಕಾಲೂರದೆ ಹೋಗುವುದೇ ಈ ಆಟದ ಜೀವ. ಆದರೂ ಅಂದು ರಾತ್ರಿ ಆ ಹಾಳೆಗಳನ್ನು ಮೂರು ಸಲ ಎಣಿಸಿದೆ.

ಸೋಮವಾರ ಆ ಐವತ್ತು ದಾಟಿದವರೇ ಫೋನ್ ಮಾಡಿದರು. ಆಕ್ಷೇಪಣೆ ಸಲ್ಲಿಸಲು ಇನ್ನೂ ಸಮಯವಿತ್ತು. ಹಾಳೆ ಮುಂದಿಟ್ಟುಕೊಂಡು ಸೆಕ್ಷನ್ ಸೆಕ್ಷನ್ ಓದಿದೆ, ಅವರು ತಮ್ಮ ನೆನಪಿನಿಂದ ಹೂಂಗುಟ್ಟುತ್ತ ಬಂದರು. ಆರನೇ ಸೆಕ್ಷನ್ನಿನ ಮೂರನೇ ಲ್ಯಾಪಿಗೆ ತಡೆದರು. "ಅದು ಎರಡಲ್ಲವಾ?" "ಹೌದು, ಎರಡೇ ಇದೆ." "ಸರಿ ಹಾಗಾದರೆ, ಮುಂದಕ್ಕೆ ಓದು" ಎಂದರು. ನಲವತ್ತೂ ಮುಗಿದ ಮೇಲೆ, ಮುಂದಿನ ಸುತ್ತಿಗೆ ಅಬ್ಸರ್ವರ್ ಸಾಕಷ್ಟು ಇದ್ದಾರಾ ಎಂದು ಕೇಳಿದರು. ಇಬ್ಬರು ಕಡಿಮೆ ಎಂದೆ. ಹೆಂಡತಿಯನ್ನೂ ತಮ್ಮನನ್ನೂ ಕಳಿಸುತ್ತೇನೆ ಎಂದರು.