ನಾಲ್ಕು ಲಕ್ಷ ಓಡಿದ ನಮ್ಮ ಕ್ವಾಲಿಸ್ ಮತ್ತು ಕೊಡಗಿನ ಮಳೆ

ನಮ್ಮ ಕ್ವಾಲಿಸ್ 2004ರದ್ದು. ಮೀಟರ್ ಈಗ 4,12,000 ಕಿಲೋಮೀಟರ್ ದಾಟಿದೆ. ಅಪ್ಪ ಹೊಸದಾಗಿ ತಂದ ಗಾಡಿ. ಅಪ್ಪ 2016ರಲ್ಲಿ ಹೋದರು, ಗಾಡಿ ಮಾತ್ರ ಇನ್ನೂ ಮೂರ್ನಾಡು ಮಡಿಕೇರಿ ನಡುವೆ ವಾರಕ್ಕೆ ನಾಲ್ಕು ದಿನ ಓಡುತ್ತಿದೆ. ಮದುವೆ, ಆಸ್ಪತ್ರೆ, ಕಾಫಿ ಸ್ಯಾಂಪಲ್ ತೋರಿಸಲು ಕುಶಾಲನಗರ, ಎಲ್ಲಕ್ಕೂ ಅದೇ. ಇಷ್ಟು ಹಳೇ ಗಾಡಿ ಹೇಗೆ ನಡೆಸ್ತೀರಿ ಅಂತ ತುಂಬಾ ಜನ ಕೇಳುತ್ತಾರೆ, ಅದಕ್ಕೆ ನಾನು ಮಾಡಿದ್ದನ್ನು ಬರೆಯುತ್ತಿದ್ದೇನೆ.

ಅಪ್ಪ ಒಂದು ಪುಸ್ತಕ ಇಟ್ಟಿದ್ದರು. ಆಳುಗಳ ಲೆಕ್ಕ ಬರೆಯುವಂಥ ಉದ್ದನೆಯ ಪುಸ್ತಕ. ಯಾವ ದಿನ ಏನು ಹಾಕಿಸಿದ್ದು, ಆಗ ಮೀಟರ್ ಎಷ್ಟಿತ್ತು, ಎಷ್ಟು ದುಡ್ಡು ಆಯಿತು, ಎಲ್ಲಾ ಇದೆ. ಗಾಡಿ ನನ್ನ ಕೈಗೆ ಬಂದ ಮೇಲೆ ನಾನೂ ಅದರಲ್ಲೇ ಬರೆಯುತ್ತಾ ಹೋದೆ. ಒಂದು ಮಳೆಗಾಲದಲ್ಲಿ ಕರೆಂಟ್ ಇಲ್ಲದೆ ಕೂತಿದ್ದಾಗ ಸುಮ್ನೆ ಆ ಪುಸ್ತಕ ಮೊದಲಿಂದ ಓದಿದೆ. ಆಗ ಕಂಡಿದ್ದು ಏನು ಅಂದರೆ, ದೊಡ್ಡ ಖರ್ಚು ಹೆಚ್ಚಿನದೆಲ್ಲಾ ಜುಲೈನಿಂದ ಅಕ್ಟೋಬರ್ ಒಳಗೇ ಇತ್ತು. ಹಿಂದಿನ ಬ್ರೇಕ್ ಹಿಡಿದುಕೊಂಡಿದ್ದು, ವೀಲ್ ಬೇರಿಂಗ್ ಸದ್ದು, ಸ್ಟಾರ್ಟರ್, ಡೀಸೆಲ್ ಪಂಪ್. ಕಿಲೋಮೀಟರ್ ಲೆಕ್ಕಕ್ಕೆ ಅವು ಹೊಂದುತ್ತಲೇ ಇರಲಿಲ್ಲ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಮಳೆ. ಕಕ್ಕಡದಲ್ಲಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ತಿಂಗಳಲ್ಲಿ, ಗಾಡಿಯ ಅಡಿಭಾಗ ಹದಿನೈದು ದಿನ ಒಣಗುವುದೇ ಇಲ್ಲ. ನಮ್ಮ ಗಾಡಿಗೆ ವಯಸ್ಸಾಗುತ್ತಿದ್ದದ್ದು ನೀರಿನಿಂದ. ಅವತ್ತಿನಿಂದ ನಾನು ಕೆಲಸವನ್ನೆಲ್ಲಾ ಮಳೆಗೆ ಮೊದಲು, ಮಳೆ ಬಿಟ್ಟ ಮೇಲೆ ಅಂತ ಎರಡು ಭಾಗ ಮಾಡಿಕೊಂಡೆ. ಎಂಜಿನ್ ಆಯಿಲ್ ಮಾತ್ರ 5,000 ಕಿಲೋಮೀಟರಿಗೆ ಒಂದು ಸಲ, ಅದನ್ನು ಯಾವತ್ತೂ ಬಿಟ್ಟಿಲ್ಲ.

ಈ ಬುದ್ಧಿ ಬರುವ ಮೊದಲು ಒಂದು ದೊಡ್ಡ ಪೆಟ್ಟು ತಿಂದಿದ್ದೆ. 2017ರ ಏಪ್ರಿಲ್. ಅವ್ವನ ಕಣ್ಣಿನ ಆಪರೇಷನ್ ಮುಗಿಸಿ ಮಂಗಳೂರಿನಿಂದ ವಾಪಸ್ ಬರುತ್ತಿದ್ದೆವು. ಸುಳ್ಯ ದಾಟಿ ಸಂಪಾಜೆ ಘಾಟಿ ಹತ್ತುವಾಗ ಟೆಂಪರೇಚರ್ ಮುಳ್ಳು ಮೇಲೆ ಏರತೊಡಗಿತು. ಎಸಿ ಆಫ್ ಮಾಡಿದೆ. ಇನ್ನೂ ಎರಡು ತಿರುವು ಹತ್ತುವಷ್ಟರಲ್ಲಿ ಮುಳ್ಳು ಸಟ್ಟನೆ ಕೆಳಗೆ ಬಿತ್ತು. ಸರಿ ಹೋಯಿತು ಅಂದುಕೊಂಡು ಖುಷಿಯಿಂದ ಮುಂದೆ ಹೋದೆ. ಅದೇ ನಾನು ಮಾಡಿದ ತಪ್ಪು. ಎಂಜಿನ್ ತಂಪು ಮಾಡುವ ನೀರೇ ಖಾಲಿಯಾಗಿತ್ತು. ಸೆನ್ಸರ್ ನೀರಿನಲ್ಲಿ ಮುಳುಗಿದ್ದರೆ ಮಾತ್ರ ಬಿಸಿ ಎಷ್ಟು ಅಂತ ಸರಿಯಾಗಿ ಹೇಳುತ್ತದೆ, ನೀರು ಹೋದರೆ ಮುಳ್ಳು ತಣ್ಣಗೆ ತೋರಿಸಿಬಿಡಬಹುದು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಎಳೆತ ಕಡಿಮೆಯಾಗಿ, ಬಾನೆಟ್‌ನಿಂದ ಹೊಗೆ ಬಂತು. ಕಣ್ಣಿಗೆ ಪಟ್ಟಿ ಕಟ್ಟಿದ್ದ ಅವ್ವನನ್ನು ರಸ್ತೆ ಬದಿಯ ಮೋಟುಗೋಡೆ ಮೇಲೆ ಕೂರಿಸಿ ಎರಡು ಗಂಟೆ ಕಾದೆ. ಹೆಡ್ ಗ್ಯಾಸ್ಕೆಟ್, ಅಂದರೆ ಎಂಜಿನ್‌ನ ಮೇಲ್ಭಾಗ (ಹೆಡ್) ಕೂರುವಲ್ಲಿನ ಸೀಲ್, ಹೋಗಿತ್ತು. ಹೆಡ್ ಬಿಚ್ಚಿ ಫೇಸಿಂಗ್ ಮಾಡಿಸಿ ಮೈ ಸಮ ಮಾಡಿಸಬೇಕಾಯಿತು.

ನಮ್ಮ ಮೆಕ್ಯಾನಿಕ್ ಸುಂಟಿಕೊಪ್ಪದವರು, ಅಪ್ಪನ ಕಾಲದಿಂದ ಇದೇ ಗಾಡಿ ನೋಡಿದವರು. ಅವತ್ತು ವಾಟರ್ ಪಂಪ್ ಬಿಚ್ಚಿ ನನ್ನ ಕೈಯಲ್ಲಿ ಇಟ್ಟರು. "ಅಣ್ಣ, ಇಲ್ಲಿ ನೋಡಿ, ಇದು ಇವತ್ತಿನ ಲೀಕ್ ಅಲ್ಲ" ಅಂದರು. ಪಂಪಿನ ಹೊಟ್ಟೆಯಡಿ ಕಡಲೆಕಾಳು ಹೋಗುವಷ್ಟು ಒಂದು ತೂತು ಇರುತ್ತದೆ. ಒಳಗಿನ ಸೀಲ್ ಸೋತಾಗ ನೀರು ಅಲ್ಲಿಂದ ಹನಿಯುತ್ತದೆ. ಆ ತೂತಿನಿಂದ ಕೆಳಗೆ ಉಗುರಿನಗಲ ಒಂದು ಕಲೆ ಇತ್ತು, ಅಂಚಿನಲ್ಲಿ ಕೆಂಪು, ನಡುವೆ ಉಪ್ಪುಗಟ್ಟಿದ ಹಾಗೆ ಬಿಳಿ. ತಿಂಗಳುಗಟ್ಟಲೆ ಹನಿದು ಒಣಗಿ ಆದ ಕಲೆ ಅದು. ನಾನು ಮಾಡಿದ್ದೇನು? ನೀರು ಕಡಿಮೆ ಕಂಡಾಗಲೆಲ್ಲಾ ಬಾವಿ ನೀರು ತುಂಬಿಸಿದ್ದು. ಅದು ಎಲ್ಲಿ ಹೋಗುತ್ತಿದೆ ಅಂತ ಒಂದು ಸಲವೂ ಬಗ್ಗಿ ನೋಡಲಿಲ್ಲ. ಬಾವಿ ನೀರಿಗೆ ರೇಡಿಯೇಟರ್ ಒಳಗೆ ಮಡ್ಡಿ ಕೂತು, ಅರ್ಧ ನಾಳ ಕಟ್ಟಿಕೊಂಡಿತ್ತು.

ಈಗ ಬಾವಿ ನೀರು ಹಾಕುವುದೇ ಇಲ್ಲ. ಕೂಲೆಂಟ್ ಅರ್ಧ, ಡಿಸ್ಟಿಲ್ಡ್ ವಾಟರ್ ಅರ್ಧ, ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲು. ರೇಡಿಯೇಟರ್ ಕ್ಯಾಪ್ ಕೂಡ ಜೊತೆಗೇ ಬದಲಾಯಿಸುತ್ತೇನೆ, ಅದರ ರಬ್ಬರ್ ಗಟ್ಟಿಯಾದರೆ ಒತ್ತಡ ನಿಲ್ಲಲ್ಲ, ನೀರು ಬೇಗ ಕುದಿಯುತ್ತದೆ. ವಾರಕ್ಕೊಂದು ಸಲ ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗ, ಟಾರ್ಚ್ ಹಿಡಿದು ಆ ತೂತು ನೋಡುತ್ತೇನೆ. ಘಾಟಿಯಲ್ಲಿ ಬಿಸಿ ಏರಿದರೆ ಒಳಗಿನ ಹೀಟರ್ ಫುಲ್ ಹಾಕಿ ಬದಿಗೆ ನಿಲ್ಲಿಸಬೇಕು. ಬಿಸಿ ಇರುವಾಗ ಕ್ಯಾಪ್ ಮುಟ್ಟಲೇಬಾರದು. ಹೀಟರ್‌ನಿಂದ ತಣ್ಣನೆ ಗಾಳಿ ಬಂದರೆ ನೀರು ಖಾಲಿ ಅಂತ ಅರ್ಥ, ಆಗ ತಕ್ಷಣ ಎಂಜಿನ್ ಆಫ್.

ಇನ್ನೊಂದು ವಿಷಯ. ಆ ಸಮಯದಲ್ಲಿ ಬೇರೊಂದು ವರ್ಕ್‌ಶಾಪಿನವರು ಥರ್ಮೋಸ್ಟಾಟ್ (ಎಂಜಿನ್ ಕಾಯುವವರೆಗೆ ನೀರು ರೇಡಿಯೇಟರಿಗೆ ಹೋಗದಂತೆ ತಡೆಯುವ ಬಾಗಿಲು) ತೆಗೆದುಬಿಡಿ, ಬಿಸಿಯೇ ಆಗಲ್ಲ ಅಂದಿದ್ದರು. ದಯವಿಟ್ಟು ಹಾಗೆ ಮಾಡಬೇಡಿ. ಅದಿಲ್ಲದಿದ್ದರೆ ನಮ್ಮ ಚಳಿಗೆ ಎಂಜಿನ್ ಸರಿಯಾಗಿ ಕಾಯುವುದೇ ಇಲ್ಲ, ಡೀಸೆಲ್ ಜಾಸ್ತಿ ಕುಡಿಯುತ್ತದೆ, ಆಯಿಲ್ ಕೆಡುತ್ತದೆ.

ಇನ್ನು ಮೇ ತಿಂಗಳ ಕೆಲಸ. ಹೂಮಳೆ ಮುಗಿದು ದೊಡ್ಡ ಮಳೆ ಶುರುವಾಗುವ ಮೊದಲು ಬ್ರೇಕ್ ಆಯಿಲ್ ನೋಡುತ್ತೇನೆ. ಅದು ಗಾಳಿಯಲ್ಲಿರುವ ತೇವವನ್ನು ಎಳೆದುಕೊಳ್ಳುತ್ತದೆ. ಹೊಸ ಡಾಟ್ 3 ದರ್ಜೆಯ ಬ್ರೇಕ್ ಆಯಿಲ್ 205 ಡಿಗ್ರಿವರೆಗೆ ಕುದಿಯಲ್ಲ. ತೇವ ಕುಡಿದ ಮೇಲೆ ಆ ಮಿತಿ 140 ಡಿಗ್ರಿಗೆ ಇಳಿಯಬಹುದು. ಮಡಿಕೇರಿಯಿಂದ ಸಂಪಾಜೆಗೆ ಬ್ರೇಕ್ ಮೇಲೇ ಕಾಲಿಟ್ಟು ಇಳಿದರೆ ಆಯಿಲ್ ಕುದಿದು ಆವಿಗುಳ್ಳೆ ಏಳುತ್ತದೆ, ಪೆಡಲ್ ಬುಡದವರೆಗೆ ಹೋಗುತ್ತದೆ. ಅದಕ್ಕೆ ಎರಡು ವರ್ಷಕ್ಕೊಮ್ಮೆ ಬದಲು, ಇಳಿಯುವಾಗ ಎರಡನೇ, ಮೂರನೇ ಗೇರ್. ಹಿಂದಿನ ಡ್ರಮ್ ಬಿಚ್ಚಿ ಒರೆಸಿ, ಹ್ಯಾಂಡ್ ಬ್ರೇಕ್ ಕೇಬಲ್‌ಗೆ ಗ್ರೀಸ್ ಹೊಡೆಸುತ್ತೇನೆ. ಮಳೆಗಾಲದಲ್ಲಿ ಮನೆ ಅಂಗಳದಲ್ಲಿ ಎರಡು ಮೂರು ದಿನ ಗಾಡಿ ನಿಲ್ಲುವುದಾದರೆ ಹ್ಯಾಂಡ್ ಬ್ರೇಕ್ ಎಳೆಯುವುದೇ ಇಲ್ಲ. ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡುತ್ತೇನೆ. ಎಳೆದಿಟ್ಟರೆ ಒಳಗೆ ತುಕ್ಕು ಹಿಡಿದು ಚಕ್ರ ಬಿಡುವುದೇ ಇಲ್ಲ, ಅಪ್ಪನ ಪುಸ್ತಕದಲ್ಲಿ ಇದು ಮೂರು ಸಲ ಇದೆ.

ಡೀಸೆಲ್ ಫಿಲ್ಟರ್ ಬುಡದಲ್ಲಿ ನೀರು ಇಳಿಸುವ ಒಂದು ತಿರುಪು ಇದೆ. ತುಂಬಾ ಜನ ಇದನ್ನು ಮರೆಯುತ್ತಾರೆ. ಅರ್ಧ ಖಾಲಿ ಟ್ಯಾಂಕಿನಲ್ಲಿ ರಾತ್ರಿಯ ತಂಪಿಗೆ ತೇವ ಹನಿಯಾಗುತ್ತದೆ, ಆ ನೀರು ಫಿಲ್ಟರ್ ತಳಕ್ಕೆ ಬಂದು ಕೂರುತ್ತದೆ. ನಮ್ಮ ಗಾಡಿಯ ಡೀಸೆಲ್ ಪಂಪ್‌ಗೆ ಡೀಸೆಲ್ಲೇ ಎಣ್ಣೆ, ಅದರಲ್ಲಿ ನೀರು ಬಂದರೆ ಪಂಪ್ ಸವೆಯಿತು ಅಂತಲೇ ಲೆಕ್ಕ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಒಂದು ಗಾಜಿನ ಲೋಟ ಹಿಡಿದು ತಿರುಪು ಬಿಡುತ್ತೇನೆ. ಮೊದಲು ಬರುವುದು ತಳದಲ್ಲಿ ಬೇರೆ ನಿಲ್ಲುತ್ತದೆ, ಅದು ನೀರು. ಬರೀ ಡೀಸೆಲ್ ಬರುವವರೆಗೆ ಬಿಟ್ಟು ಮುಚ್ಚುತ್ತೇನೆ.

2019ರ ಆಗಸ್ಟ್‌ನಲ್ಲಿ ಕಾವೇರಿ ಉಕ್ಕಿ ನೆಲ್ಲಿಹುದಿಕೇರಿ, ಕರಡಿಗೋಡು ಕಡೆ ನೀರು ನುಗ್ಗಿದಾಗ ನೆಂಟರನ್ನು ಕರೆತರಲು ಹೋಗಿದ್ದೆ. ಚಕ್ರದ ನಡುಮಟ್ಟಕ್ಕೆ ನೀರಿದ್ದ ಕಡೆ ನಿಧಾನಕ್ಕೆ ದಾಟಿಸಿದೆ. ಎಂಜಿನ್‌ಗೆ ಏನೂ ಆಗಲಿಲ್ಲ, ಹಾಗಾಗಿ ಮರೆತೂಬಿಟ್ಟೆ. ಎರಡು ತಿಂಗಳ ಮೇಲೆ ಹಿಂದಿನಿಂದ ಗುಂಯ್ ಅಂತ ಸದ್ದು. ಕ್ರೌನ್, ಅಂದರೆ ಹಿಂದಿನ ಆಕ್ಸಲ್ ನಡುವಿನ ಗೇರ್, ಅದರ ಆಯಿಲ್ ಇಳಿಸಿ ನೋಡಿದರೆ ಹಾಲು ಹಾಕಿದ ಕಾಫಿ ಬಣ್ಣ! ಓಡಿ ಬಿಸಿಯಾದ ಅದರ ಹೌಸಿಂಗ್ (ಹೊರಕವಚ) ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ, ಬ್ರೀದರ್ (ಗಾಳಿ ಆಡುವ ಸಣ್ಣ ತೂತು) ಅಥವಾ ಹಳೇ ಸೀಲ್ ಮೂಲಕ ನೀರನ್ನು ಎಳೆದುಕೊಳ್ಳುತ್ತದೆ. ಬೇರಿಂಗ್ ಎರಡೂ ಹೋಗಿದ್ದವು. ಆ ವಾರವೇ ಆಯಿಲ್ ಬದಲಿಸಿದ್ದರೆ ಕೆಲವು ನೂರು ರೂಪಾಯಿಯಲ್ಲಿ ಮುಗಿಯುತ್ತಿತ್ತು. ಈಗ ಗಾಡಿ ಆಳದ ನೀರಿಗೆ ಇಳಿದರೆ ಮರುದಿನವೇ ಕ್ರೌನ್, ಗೇರ್ ಬಾಕ್ಸ್ ಎರಡರ ಆಯಿಲ್ ನೋಡಿಸುತ್ತೇನೆ.

ತುಕ್ಕಿನ ವಿಷಯಕ್ಕೆ ಬಂದರೆ, ಮುಂದಿನ ಗಾಜಿನ ಕೆಳಗೆ ವೈಪರ್ ಹತ್ತಿರ ಒಂದು ಜಾಲರಿ ಇದೆಯಲ್ವಾ, ಅಲ್ಲಿ ಸಿಲ್ವರ್ ಓಕ್ ಮರದ ಎಲೆ ಬಿದ್ದು ಕೊಳೆತು ನೀರು ಹೋಗುವ ದಾರಿ ಕಟ್ಟುತ್ತದೆ. ಆಮೇಲೆ ನೀರು ಒಳಗೆ ಇಳಿದು ಕಾರ್ಪೆಟ್ ಅಡಿ ನಿಲ್ಲುತ್ತದೆ. ನಮ್ಮ ಗಾಡಿಯ ಎಡಗಡೆ ನೆಲ ಹಾಗೇ ತೂತಾಗಿದ್ದು. ಈಗ ಅಕ್ಟೋಬರಿನಲ್ಲಿ ಮಳೆ ಬಿಟ್ಟ ಮೇಲೆ ಸೀಟು ಬಿಚ್ಚಿ ಕಾರ್ಪೆಟ್ ಎತ್ತಿ ಕಾಫಿ ಕಣದಲ್ಲಿ ಎರಡು ದಿನ ಬಿಸಿಲಿಗೆ ಹಾಕುತ್ತೇವೆ, ಕಾಫಿ ಕಣಕ್ಕೆ ಬರುವ ಮೊದಲೇ. ಚಾಸಿಗೆ, ಅಂದರೆ ಗಾಡಿ ಕೂತಿರುವ ಕಬ್ಬಿಣದ ಚೌಕಟ್ಟಿಗೆ, ಒಳಗಿನಿಂದಲೂ ಪೈಪಿಟ್ಟು ನೀರು ಹೊಡೆಸುತ್ತೇನೆ, ಅಲ್ಲಿ ಕೂತ ಕೆಸರು ಬೇಸಿಗೆಯಲ್ಲೂ ಒದ್ದೆ ಇರುತ್ತದೆ. ಪೂರ್ತಿ ಒಣಗಿದ ಮೇಲೆ ಮಾತ್ರ ಅಂಡರ್ ಕೋಟಿಂಗ್ (ಅಡಿಭಾಗಕ್ಕೆ ಬಳಿಯುವ ತುಕ್ಕು ತಡೆ). ಒದ್ದೆ ಮೇಲೆ ಬಳಿದರೆ ತುಕ್ಕನ್ನು ಒಳಗೆ ಹಾಕಿ ಮುಚ್ಚಿದ ಹಾಗೆ.

ಎಂಜಿನ್ ಆಯಿಲ್ ಬಿಟ್ಟರೆ ಟೈಮಿಂಗ್ ಬೆಲ್ಟ್ ಒಂದನ್ನು ಮಾತ್ರ ಕಿಲೋಮೀಟರ್ ನೋಡಿಯೇ ಮಾಡುತ್ತೇನೆ, 1 ಲಕ್ಷಕ್ಕೆ ಒಂದು. ಬದಲಾಯಿಸಿದ್ದರಲ್ಲಿ ನಾಲ್ಕನೆಯದು ಈಗ ಓಡುತ್ತಿದೆ. ಡಿಸೆಂಬರ್ ಚಳಿಗೆ ಮೊದಲು ಸ್ಟಾರ್ಟ್ ಮಾಡುವಾಗ ಎಂಜಿನ್‌ಗೆ ಬಿಸಿ ಕೊಡುವ ನಾಲ್ಕೂ ಹೀಟರ್ ಪ್ಲಗ್ ಚೆಕ್ ಮಾಡಿಸಿದರೆ ಬೆಳಿಗ್ಗೆ ಬಿಳಿ ಹೊಗೆ ಇಲ್ಲದೆ ಸ್ಟಾರ್ಟ್ ಆಗುತ್ತದೆ.

ಕಾಗದಪತ್ರ. ಹದಿನೈದು ವರ್ಷ ಆದಾಗ, 2019ರಲ್ಲಿ, ಮಡಿಕೇರಿ ಆರ್‌ಟಿಒದಲ್ಲಿ ಆರ್‌ಸಿ (ನೋಂದಣಿ ಪತ್ರ) ಐದು ವರ್ಷಕ್ಕೆ ಮುಂದುವರಿಸಿದೆ. ಆಗ ನೋಂದಣಿ ಶುಲ್ಕ 600 ರೂಪಾಯಿ. 2022ರ ಏಪ್ರಿಲ್‌ನಿಂದ ಅದು 5,000 ಆಗಿದ್ದರಿಂದ 2024ರಲ್ಲಿ ಅಷ್ಟು ಕಟ್ಟಿದೆ. 2025ರಲ್ಲಿ ಬಂದ ನಿಯಮದ ಪ್ರಕಾರ ಇಪ್ಪತ್ತು ವರ್ಷ ದಾಟಿದ ಕಾರಿಗೆ 10,000. ನೋಂದಣಿ ಮುಂದುವರಿಸುವ ಅರ್ಜಿ ಫಾರಂ 25ನ್ನು ಅವಧಿ ಮುಗಿಯುವ ಮೊದಲಿನ ಅರವತ್ತು ದಿನದ ಒಳಗೆ ಕೊಡಬಹುದು, ತಡ ಮಾಡಿದರೆ ತಿಂಗಳ ಲೆಕ್ಕದಲ್ಲಿ ದಂಡ. ನಾನು ಗಾಡಿ ತೋರಿಸಲು ಹೋಗುವ ಮೊದಲು ಲೈಟು, ಟೈರು, ಬ್ರೇಕು, ಹೊಗೆ ಎಲ್ಲಾ ಸರಿ ಮಾಡಿಸಿಕೊಂಡೇ ಹೋಗಿದ್ದೆ, ಎರಡು ಸಲವೂ ಒಂದೇ ದಿನದಲ್ಲಿ ಮುಗಿಯಿತು.

ದುಡ್ಡಿನ ಲೆಕ್ಕವೂ ಹೇಳಿಬಿಡುತ್ತೇನೆ. ಹೆಡ್ ಕೆಲಸ ಆದ ವರ್ಷ, ಕ್ರೌನ್ ಕೆಲಸ ಆದ ವರ್ಷ ಬಿಟ್ಟರೆ, ವರ್ಷದ ರಿಪೇರಿ ಖರ್ಚು ಹೊಸ ಗಾಡಿಯ ಮೂರು ತಿಂಗಳ ಕಂತಿಗೂ ಬಂದಿಲ್ಲ. ಚಾಸಿ ಗಟ್ಟಿ ಇರುವವರೆಗೆ ನಾನು ಇದನ್ನು ಕೊಡಲ್ಲ. ಚಾಸಿಯಲ್ಲಿ ತುಕ್ಕು ತಿಂದು ಬಿರುಕು ಕಂಡರೆ ಅವತ್ತೇ ನಿಲ್ಲಿಸುತ್ತೇನೆ, ಅದಕ್ಕೆ ಪ್ಯಾಚ್ ಹಾಕಿ ಮನೆಯವರನ್ನು ಕೂರಿಸಿಕೊಂಡು ಘಾಟಿ ಇಳಿಯಲ್ಲ.

ಈ ವರ್ಷ ಮಗಳು ಇದರಲ್ಲೇ ಓಡಿಸಲು ಕಲಿಯುತ್ತಿದ್ದಾಳೆ. ಮೊದಲ ದಿನ ಸ್ಟೇರಿಂಗ್ ಕೊಡುವ ಮೊದಲು ಬಾನೆಟ್ ಎತ್ತಿ ಟಾರ್ಚ್ ಅವಳ ಕೈಗೆ ಕೊಟ್ಟು ವಾಟರ್ ಪಂಪ್ ಅಡಿಯ ತೂತು ಹುಡುಕಿಸಿದೆ. "ಒಣಗಿದೆ ಅಪ್ಪ" ಅಂದಳು. ಪುಸ್ತಕದಲ್ಲಿ ಅವಳೇ ತಾರೀಖು ಹಾಕಿ ಬರೆದಳು.